ಹಿರಿಯರಲ್ಲಿ ಡಿಮೆನ್ಷಿಯಾ ಪತ್ತೆಗೆ ಅರಿವಿನ ತಪಾಸಣೆ: ಮನೆಯವರಿಗೆ ಹಂತ ಹಂತದ ಮಾರ್ಗದರ್ಶಿ

ಮನೆಯ ಹಿರಿಯರೊಬ್ಬರ ನೆನಪು ಮಸುಕಾಗುತ್ತಿದೆ ಎಂಬ ಅನುಮಾನ ಮೂಡಿದ ಮೇಲೂ ವೈದ್ಯರನ್ನು ಕಾಣುವ ಹೊತ್ತಿಗೆ ತಿಂಗಳುಗಳೇ, ಎಷ್ಟೋ ಸಲ ವರ್ಷಗಳೇ ಕಳೆದಿರುತ್ತವೆ. ‘ವಯಸ್ಸಾಯಿತಲ್ಲ, ಇದೆಲ್ಲ ಇದ್ದದ್ದೇ’ ಎಂಬ ಮಾತಿನಲ್ಲಿ ಸಮಾಧಾನವಿದೆ, ಆದರೆ ಆ ಸಮಾಧಾನದಲ್ಲೇ ಚಿಕಿತ್ಸೆಯಿಂದ ಸರಿಹೋಗಬಹುದಾಗಿದ್ದ ತೊಂದರೆಗಳೂ ಗಮನಕ್ಕೆ ಬಾರದೆ ಉಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 5.7 ಕೋಟಿ ಜನರು ಡಿಮೆನ್ಷಿಯಾದೊಂದಿಗೆ, ಅಂದರೆ ನೆನಪು, ಯೋಚನೆ, ವಿವೇಚನೆ ಕುಂದಿ ದಿನನಿತ್ಯದ ಬದುಕಿಗೇ ಅಡ್ಡ ಬರುವ ಸ್ಥಿತಿಯೊಂದಿಗೆ, ಬದುಕುತ್ತಿದ್ದರು. ಇವರಲ್ಲಿ ನೂರಕ್ಕೆ 60ರಿಂದ 70ರಷ್ಟು ಮಂದಿಯಲ್ಲಿ ಅದಕ್ಕೆ ಅಲ್ಝೈಮರ್ ಕಾಯಿಲೆ ಕಾರಣವಾಗಿರಬಹುದು. ಈ ಸ್ಥಿತಿಯನ್ನು ಗುರುತಿಸುವ ದಾರಿಯಲ್ಲಿ ಮೊದಲು ಎದುರಾಗುವುದು ಅರಿವಿನ ತಪಾಸಣೆ, ಅಂದರೆ ನೆನಪು, ಗಮನ, ಭಾಷೆ, ಸ್ಥಳ–ಕಾಲದ ಪ್ರಜ್ಞೆ ಮತ್ತು ಯೋಜಿಸುವ ಶಕ್ತಿಯನ್ನು ಕೆಲವೇ ನಿಮಿಷಗಳಲ್ಲಿ ಒರೆಗೆ ಹಚ್ಚುವ ಪ್ರಶ್ನಾವಳಿ.

ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ. ಈ ತಪಾಸಣೆಯಲ್ಲಿ ಬರುವ ಅಂಕ ರೋಗನಿರ್ಣಯವಲ್ಲ. ‘ಇಲ್ಲಿ ಇನ್ನಷ್ಟು ನೋಡಬೇಕಾದದ್ದಿದೆ’ ಅಥವಾ ‘ಸದ್ಯಕ್ಕೆ ಅಂಥದ್ದೇನೂ ಕಾಣುತ್ತಿಲ್ಲ’ ಎಂದು ಹೇಳುವುದಷ್ಟೇ ಅದರ ಕೆಲಸ. ಆ ಅಂಕಕ್ಕೆ ಅರ್ಥ ಬರುವುದು ವ್ಯಕ್ತಿಯ ಓದು, ಕಿವಿ–ಕಣ್ಣುಗಳ ಸ್ಥಿತಿ, ಸೇವಿಸುತ್ತಿರುವ ಔಷಧ ಮತ್ತು ಮನೆಯವರು ಕಂಡ ಬದಲಾವಣೆಗಳ ಜೊತೆಗಿಟ್ಟು ನೋಡಿದಾಗ ಮಾತ್ರ.

ಮೊದಲ ಹೆಜ್ಜೆ: ತಪಾಸಣೆ ಬೇಕೇ ಎಂದು ನಿರ್ಧರಿಸುವುದು

ಅರವತ್ತೈದು ದಾಟಿದ ಎಲ್ಲರಿಗೂ, ಯಾವ ಲಕ್ಷಣವೂ ಇಲ್ಲದಿದ್ದರೂ, ಈ ಪರೀಕ್ಷೆ ಮಾಡಬೇಕೇ ಎಂಬ ಪ್ರಶ್ನೆಗೆ ಇನ್ನೂ ಖಚಿತ ಉತ್ತರ ದೊರೆತಿಲ್ಲ. ಅಮೆರಿಕದ ತಡೆ ಆರೋಗ್ಯ ಸೇವೆಗಳ ಕಾರ್ಯಪಡೆಯು 2020ರಲ್ಲಿ, ಲಕ್ಷಣಗಳಿಲ್ಲದ ಹಿರಿಯರಲ್ಲಿ ಇಂಥ ತಪಾಸಣೆಯ ಲಾಭ–ನಷ್ಟಗಳನ್ನು ತೂಗಿ ಹೇಳಲು ಪುರಾವೆ ಸಾಲದು ಎಂದು ತಿಳಿಸಿತು. ಇದು ‘ಮಾಡಬೇಡಿ’ ಎಂಬ ಸಲಹೆಯಲ್ಲ. ಆ ಮಾತು ದೂರುಗಳಿರುವವರಿಗೆ ಅನ್ವಯಿಸುವುದೂ ಇಲ್ಲ. ಮನೆಯವರಾಗಲಿ ಹಿರಿಯರೇ ಆಗಲಿ ಬದಲಾವಣೆಯನ್ನು ಗಮನಿಸಿದ್ದರೆ ತಪಾಸಣೆ ಮಾಡಿಸುವುದೇ ಸರಿ.

ಹಾಗಾದರೆ ಎಂಥ ಬದಲಾವಣೆ? ಪರಿಚಿತರ ಹೆಸರು ಥಟ್ಟನೆ ಹೊಳೆಯದೆ ಸ್ವಲ್ಪ ಹೊತ್ತಿನ ನಂತರ ನೆನಪಾಗುವುದು, ಕನ್ನಡಕ ಎಲ್ಲಿಟ್ಟೆನೆಂದು ಹುಡುಕಾಡುವುದು, ಹೊಸ ಫೋನ್ ಕಲಿಯಲು ನಿಧಾನವಾಗುವುದು ವಯಸ್ಸಿನೊಂದಿಗೆ ಸಹಜವಾಗಿ ಬರುವಂಥವು. ಬೆಳಿಗ್ಗೆ ನಡೆದ ಮಾತುಕತೆ ನಡೆದದ್ದೇ ನೆನಪಿಲ್ಲದಿರುವುದು, ಒಂದೇ ಪ್ರಶ್ನೆಯನ್ನು ಗಂಟೆಯೊಳಗೆ ಹಲವು ಸಲ ಕೇಳುವುದು, ವರ್ಷಗಟ್ಟಲೆ ತಾವೇ ನೋಡಿಕೊಂಡ ಲೆಕ್ಕಪತ್ರ ಗೋಜಲಾಗುವುದು, ತಿಳಿದ ದಾರಿಯಲ್ಲೇ ದಿಕ್ಕು ತಪ್ಪುವುದು, ಮಾತ್ರೆಗಳನ್ನು ಎರಡೆರಡು ಸಲ ನುಂಗುವುದು, ಸ್ವಭಾವವೇ ಬದಲಾದಂತೆ ಕಾಣುವುದು ಬೇರೆಯ ಬಗೆಯವು. ಮರೆತರೇ ಎಂಬುದಕ್ಕಿಂತ, ಆ ಮರೆವು ದಿನನಿತ್ಯದ ಬದುಕಿಗೆ ಅಡ್ಡ ಬರುತ್ತಿದೆಯೇ ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತ. ನೆನಪು ಚೆನ್ನಾಗಿದ್ದೂ ಮಾತಿಗೆ ಪದ ಸಿಗದಿರುವುದು ಅಥವಾ ವಿವೇಚನೆ ಕುಂದುವುದು ಕೆಲವು ಬಗೆಯ ಡಿಮೆನ್ಷಿಯಾಗಳ ಆರಂಭವಾಗಿರಬಹುದಾದ್ದರಿಂದ ಮರೆವೊಂದನ್ನೇ ಅಳತೆಗೋಲಾಗಿ ಹಿಡಿಯಬಾರದು.

ಎರಡನೆಯ ಹೆಜ್ಜೆ: ಅಂಕವನ್ನು ಕೆಡಿಸುವ ಸಂಗತಿಗಳನ್ನು ಮೊದಲು ಸರಿಪಡಿಸುವುದು

ಹೆಚ್ಚಿನ ಕುಟುಂಬಗಳು ಈ ಹೆಜ್ಜೆಯನ್ನು ದಾಟಿ ಮುಂದೆ ಹೋಗಿಬಿಡುತ್ತವೆ. ಕಿವಿ ಮಂದವಾಗಿರುವ ಹಿರಿಯರಿಗೆ ಹೇಳಿದ ಪದಗಳು ಸರಿಯಾಗಿ ಕೇಳಿಸಿಯೇ ಇರದಿದ್ದರೆ, ಐದು ನಿಮಿಷದ ನಂತರ ಅವುಗಳನ್ನು ನೆನಪಿಸಿಕೊಳ್ಳಿ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಕಿವಿಯಲ್ಲಿ ಗುಗ್ಗೆ ತುಂಬಿದ್ದರೆ ತೆಗೆಸಬೇಕು, ಶ್ರವಣ ಸಾಧನವಿದ್ದರೆ ಅದರ ಬ್ಯಾಟರಿ ಸರಿಯಿದೆಯೇ ಎಂದು ನೋಡಿ ಹಾಕಿಸಿಕೊಂಡೇ ಹೋಗಬೇಕು, ಓದುವ ಕನ್ನಡಕವನ್ನು ಮರೆಯಬಾರದು. ಕಿವಿ–ಕಣ್ಣುಗಳ ದೋಷ ತಪಾಸಣೆಯ ಅಂಕವನ್ನಷ್ಟೇ ಕೆಡಿಸುವುದಿಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಪಟ್ಟಿ ಮಾಡಿದ, ಡಿಮೆನ್ಷಿಯಾಕ್ಕೆ ಸಂಬಂಧಿಸಿದ ಹಾಗೂ ಬದಲಾಯಿಸಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಶ್ರವಣದೋಷವೂ ಚಿಕಿತ್ಸೆಯಾಗದ ದೃಷ್ಟಿದೋಷವೂ ಸೇರಿವೆ.

ಔಷಧಗಳ ವಿಷಯ ಇನ್ನೂ ಗಂಭೀರವಾದದ್ದು. ನಿದ್ರೆಯ ಮಾತ್ರೆ, ಆತಂಕ ತಗ್ಗಿಸುವ ಬೆಂಜೊಡಯಜೆಪಿನ್ ಗುಂಪಿನ ಮಾತ್ರೆ, ತೂಕಡಿಕೆ ತರುವ ಹಳೆಯ ಬಗೆಯ ಅಲರ್ಜಿ ಮಾತ್ರೆ, ಮೂತ್ರಕೋಶದ ಅತಿಚಟುವಟಿಕೆಗೆ ಕೊಡುವ ಕೆಲವು ಔಷಧಗಳು ಹಿರಿಯರ ಗಮನವನ್ನೂ ನೆನಪನ್ನೂ ಮಂಕಾಗಿಸಬಲ್ಲವು. ಮನೆಯಲ್ಲಿರುವ ಎಲ್ಲ ಔಷಧಗಳನ್ನೂ, ಚೀಟಿಯಿಲ್ಲದೆ ಕೊಂಡವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಮುಂದಿಡುವುದು ಒಳ್ಳೆಯದು. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಬೆಂಜೊಡಯಜೆಪಿನ್‌ನಂಥವನ್ನು ಏಕಾಏಕಿ ಬಿಟ್ಟರೆ ಅಪಾಯವಾಗಬಹುದು.

ಖಿನ್ನತೆ ಮರೆವಿನ ವೇಷದಲ್ಲಿ ಬರುವುದುಂಟು. ಖಿನ್ನತೆಯಲ್ಲಿರುವ ಹಿರಿಯರು ಪ್ರಯತ್ನಿಸುವ ಮೊದಲೇ ‘ಗೊತ್ತಿಲ್ಲ’ ಎಂದು ಕೈಚೆಲ್ಲುವುದು ಹೆಚ್ಚು. ತಮಗೆ ಮರೆವಾಗುತ್ತಿದೆ ಎಂದು ತಾವೇ ದೂರುತ್ತಾರೆ. ಅನುಮಾನವಿದ್ದರೆ 15 ಪ್ರಶ್ನೆಗಳ ವೃದ್ಧರ ಖಿನ್ನತಾ ಮಾಪನವನ್ನೂ ಜೊತೆಗೇ ಮಾಡುವಂತೆ ಕೇಳಬಹುದು. ಇವೆರಡೂ ಒಟ್ಟಿಗೆ ಇರಲೂಬಹುದಾದ್ದರಿಂದ ಖಿನ್ನತೆ ಸಿಕ್ಕಿತೆಂದ ಮಾತ್ರಕ್ಕೆ ವಿಚಾರ ಮುಗಿಯುವುದಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಗೊಂದಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಶುರುವಾಗಿ, ಹೊತ್ತಿಗೊಂದು ರೀತಿ ಏರಿಳಿಯುತ್ತಿದ್ದರೆ, ಹಿರಿಯರು ಅತಿಯಾಗಿ ಮಂಕಾಗಿದ್ದರೆ ಅಥವಾ ಕೆರಳಿದ್ದರೆ, ಅದು ಸನ್ನಿಯಾಗಿರಬಹುದು. ಮೂತ್ರದ ಸೋಂಕು, ನ್ಯುಮೋನಿಯಾ, ನಿರ್ಜಲೀಕರಣ, ರಕ್ತದಲ್ಲಿ ಸೋಡಿಯಂ ಕುಸಿತ, ಬಿದ್ದು ತಲೆಗೆ ಪೆಟ್ಟಾಗಿ ರಕ್ತ ಹೆಪ್ಪುಗಟ್ಟಿರುವುದು ಇದಕ್ಕೆ ಕಾರಣವಾಗುತ್ತವೆ. ಅಂಥ ಸಮಯದಲ್ಲಿ ನೆನಪಿನ ಪರೀಕ್ಷೆಗೆ ಹೊತ್ತು ಗೊತ್ತುಮಾಡುತ್ತ ಕೂರದೆ ಆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಡಿಮೆನ್ಷಿಯಾದ ತಪಾಸಣೆ ಆ ಕಾಯಿಲೆ ವಾಸಿಯಾಗಿ ಹಿರಿಯರು ಚೇತರಿಸಿಕೊಂಡ ಮೇಲಿನ ಮಾತು.

ಮೂರನೆಯ ಹೆಜ್ಜೆ: ಕಂಡದ್ದನ್ನು ಬರೆದಿಡುವುದು

ವೈದ್ಯರ ಕೋಣೆಯಲ್ಲಿ ಹತ್ತು ನಿಮಿಷ ಚುರುಕಾಗಿ, ನಗುನಗುತ್ತಾ ಮಾತನಾಡಿ ಬರುವ ಹಿರಿಯರು ಎಷ್ಟೋ ಮಂದಿ. ಮನೆಯಲ್ಲಿ ನಡೆಯುವುದು ಆ ಕೋಣೆಯಲ್ಲಿ ಕಾಣದಿರಬಹುದು. ಆದ್ದರಿಂದ ಜೊತೆಗಿರುವವರ ಸಾಕ್ಷ್ಯವನ್ನು ಪರೀಕ್ಷೆಯ ಅರ್ಧಭಾಗವೆಂದೇ ಎಣಿಸಬೇಕು. ‘ಇತ್ತೀಚೆಗೆ ಮರೆವು ಜಾಸ್ತಿ’ ಎಂದು ಹೇಳುವುದಕ್ಕಿಂತ, ಏನಾಯಿತು, ಯಾವಾಗ ಆಯಿತು, ಮೊದಲು ಅದೇ ಕೆಲಸವನ್ನು ಹೇಗೆ ಮಾಡುತ್ತಿದ್ದರು ಎಂಬುದನ್ನು ನಾಲ್ಕೈದು ಘಟನೆಗಳ ರೂಪದಲ್ಲಿ ಬರೆದುಕೊಂಡು ಹೋದರೆ ವೈದ್ಯರಿಗೆ ನಿಜವಾದ ಆಧಾರ ಸಿಗುತ್ತದೆ. ಬದಲಾವಣೆ ನಿಧಾನವಾಗಿ ಹೆಚ್ಚುತ್ತಾ ಬಂದಿದೆಯೋ, ಮೆಟ್ಟಿಲಿಳಿದಂತೆ ಒಮ್ಮೊಮ್ಮೆ ಕುಸಿದಿದೆಯೋ ಎಂಬುದನ್ನೂ ಬರೆಯಿರಿ, ಏಕೆಂದರೆ ಎರಡನೆಯ ಬಗೆಯ ಕುಸಿತ ಮಿದುಳಿನ ರಕ್ತನಾಳಗಳ ತೊಂದರೆಯತ್ತ ಬೆರಳು ಮಾಡಬಹುದು.

ಇದಕ್ಕೆಂದೇ ರೂಪಿಸಿದ ಪ್ರಶ್ನಾವಳಿಗಳಿವೆ. ಎಡಿ8 ಎಂಬುದು ಎಂಟು ಪ್ರಶ್ನೆಗಳದ್ದು. ವಿವೇಚನೆ, ಆಸಕ್ತಿ, ಮಾತಿನ ಪುನರಾವರ್ತನೆ, ಉಪಕರಣಗಳ ಬಳಕೆ, ಹಣದ ವ್ಯವಹಾರ ಮುಂತಾದವುಗಳಲ್ಲಿ ಬದಲಾವಣೆಯಾಗಿದೆಯೇ ಎಂದು ಅದು ಕೇಳುತ್ತದೆ. ಎರಡು ಅಥವಾ ಹೆಚ್ಚಿನ ಪ್ರಶ್ನೆಗಳಿಗೆ ‘ಹೌದು, ಬದಲಾಗಿದೆ’ ಎಂಬ ಉತ್ತರ ಬಂದರೆ ಮುಂದಿನ ಪರೀಕ್ಷೆ ಅಗತ್ಯ. ಐಕ್ಯೂಕೋಡ್ ಎಂಬ ಇನ್ನೊಂದು ಪ್ರಶ್ನಾವಳಿ ಹಿರಿಯರ ಇಂದಿನ ಸಾಮರ್ಥ್ಯವನ್ನು ಹತ್ತು ವರ್ಷಗಳ ಹಿಂದಿನದಕ್ಕೆ ಹೋಲಿಸಿ ಹೇಳಲು ಕೇಳುತ್ತದೆ. ಹೋಲಿಕೆ ಅವರೊಂದಿಗೇ ನಡೆಯುವುದರಿಂದ ಓದು ಕಡಿಮೆ ಇರುವವರಿಗೆ ಇಂಥ ಪ್ರಶ್ನಾವಳಿಗಳು ಅನ್ಯಾಯ ಮಾಡುವುದು ಕಡಿಮೆ ಎಂಬ ಕಾರಣಕ್ಕೆ ನಾನು ಇವುಗಳಿಗೆ ಹೆಚ್ಚು ಬೆಲೆ ಕೊಡುತ್ತೇನೆ.

ನಾಲ್ಕನೆಯ ಹೆಜ್ಜೆ: ಯಾವ ಪರೀಕ್ಷೆ, ಯಾರಿಗೆ

ಪರೀಕ್ಷೆಯನ್ನು ಆರಿಸುವುದು ವೈದ್ಯರ ಕೆಲಸವಾದರೂ, ಯಾವುದು ಏನನ್ನು ಅಳೆಯುತ್ತದೆಂಬುದು ಮನೆಯವರಿಗೂ ಗೊತ್ತಿದ್ದರೆ ಸರಿಯಾದ ಪ್ರಶ್ನೆ ಕೇಳಲು ಅನುಕೂಲ.

ಎಲ್ಲಕ್ಕಿಂತ ಚಿಕ್ಕದು ಮಿನಿ-ಕಾಗ್. ಮೂರು ಪದಗಳನ್ನು ಹೇಳಿಕೊಟ್ಟು, ನಡುವೆ ಗಡಿಯಾರದ ಚಿತ್ರ ಬರೆಸಿ, ಆಮೇಲೆ ಆ ಪದಗಳನ್ನು ಕೇಳುತ್ತಾರೆ. ಸುಮಾರು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಒಟ್ಟು ಐದು ಅಂಕಗಳಲ್ಲಿ ಮೂರಕ್ಕಿಂತ ಕಡಿಮೆ ಬಂದರೆ ಮುಂದೆ ನೋಡಬೇಕೆಂದು ಅರ್ಥ.

1975ರಲ್ಲಿ ಫೋಲ್ಸ್ಟೀನ್ ದಂಪತಿ ಮತ್ತು ಮೆಕ್‌ಹ್ಯೂ ಪ್ರಕಟಿಸಿದ ಎಂಎಂಎಸ್‌ಇ ಜಗತ್ತಿನಲ್ಲೇ ಹೆಚ್ಚು ಬಳಕೆಯಾದ ಪರೀಕ್ಷೆ. ಇದರ 30 ಅಂಕಗಳಲ್ಲಿ 10 ದಿನ, ತಿಂಗಳು, ವರ್ಷ, ಸ್ಥಳ ಇವುಗಳ ಅರಿವಿಗೇ ಮೀಸಲು. ಸಾಮಾನ್ಯವಾಗಿ 24ಕ್ಕಿಂತ ಕಡಿಮೆ ಅಂಕ ಬಂದರೆ ಅನುಮಾನಿಸುತ್ತಾರೆ. ಚೆನ್ನಾಗಿ ಓದಿದವರಲ್ಲಿ ಕಾಯಿಲೆಯ ಆರಂಭ ಎಷ್ಟೋ ಸಲ ಈ ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ ಎಂಬುದು ಇದರ ದೊಡ್ಡ ಕೊರತೆ.

ಆ ಕೊರತೆಯನ್ನು ತುಂಬಲು ಬಂದದ್ದು ಮೋಕಾ. ಕೆನಡಾದ ನರರೋಗ ತಜ್ಞ ಜಿಯಾದ್ ನಸ್ರೆದ್ದೀನ್ ಮತ್ತು ಸಂಗಡಿಗರು ಇದನ್ನು 2005ರಲ್ಲಿ ಪ್ರಕಟಿಸಿದರು. ಅಂಕ ಅಷ್ಟೇ 30, ಆದರೆ ಪ್ರಶ್ನೆಗಳು ಬಿಗಿ: ಅಂಕಿ–ಅಕ್ಷರಗಳನ್ನು ಸರದಿಯಂತೆ ಗೆರೆಯಿಂದ ಜೋಡಿಸುವುದು, ಘನದ ಚಿತ್ರ ನಕಲು ಮಾಡುವುದು, ಗಡಿಯಾರ ಬರೆಯುವುದು, ಐದು ಪದಗಳನ್ನು ನೆನಪಿಡುವುದು, ಎರಡು ವಸ್ತುಗಳ ನಡುವಿನ ಸಾಮ್ಯ ಹೇಳುವುದು. ಮೂಲ ಅಧ್ಯಯನದಲ್ಲಿ ಸೌಮ್ಯ ಅರಿವಿನ ಕೊರತೆಯಿದ್ದವರಲ್ಲಿ, ಅಂದರೆ ಅರಿವು ಕುಗ್ಗಿದ್ದರೂ ಡಿಮೆನ್ಷಿಯಾ ಎನ್ನುವಷ್ಟು ಮುಂದುವರಿಯದವರಲ್ಲಿ, ನೂರಕ್ಕೆ 90 ಮಂದಿಯನ್ನು ಮೋಕಾ ಗುರುತಿಸಿತು. ಎಂಎಂಎಸ್‌ಇ ಗುರುತಿಸಿದ್ದು 18 ಮಂದಿಯನ್ನು ಮಾತ್ರ. ಆದರೆ 26 ಮತ್ತು ಮೇಲ್ಪಟ್ಟರೆ ಸಹಜ ಎಂಬ ಅದರ ಮೂಲ ಗಡಿಯನ್ನು ಎಲ್ಲರಿಗೂ ಹಾಗೆಯೇ ಹಚ್ಚಿದರೆ ಆರೋಗ್ಯವಂತರೂ ದೊಡ್ಡ ಸಂಖ್ಯೆಯಲ್ಲಿ ಸಿಕ್ಕಿಬೀಳುತ್ತಾರೆ. ಈ ಕಾರಣದಿಂದ ಕೆಳಗಿನ ಗಡಿಯನ್ನು, ಉದಾಹರಣೆಗೆ 23ನ್ನು, ಸೂಚಿಸುವ ಸಂಶೋಧಕರಿದ್ದಾರೆ.

ಶಾಲೆಯ ಮುಖವನ್ನೇ ಹೆಚ್ಚು ಕಾಣದವರಿಗೆ ಘನದ ಚಿತ್ರವಾಗಲಿ, ನೂರರಿಂದ ಏಳೇಳು ಕಳೆಯುವ ಲೆಕ್ಕವಾಗಲಿ ಅರಿವಿನ ಪರೀಕ್ಷೆಗಿಂತ ಶಾಲೆಯ ಪರೀಕ್ಷೆಯೇ ಆಗಿಬಿಡುತ್ತದೆ. ಅಂಥವರಿಗಾಗಿ ವಾರದ ದಿನಗಳನ್ನು ಹಿಂದಿನಿಂದ ಹೇಳಿಸುವಂಥ ಬದಲಿ ಪ್ರಶ್ನೆಗಳಿರುವ ಆವೃತ್ತಿಗಳಿವೆ. ಬೇರೆಬೇರೆ ಭಾಷೆ, ಸಂಸ್ಕೃತಿಗಳ ಹಿರಿಯರನ್ನು ಗಮನದಲ್ಲಿಟ್ಟು ಆಸ್ಟ್ರೇಲಿಯಾದಲ್ಲಿ ರೂಪಿಸಿದ ರುಡಾಸ್ ಎಂಬ ಪರೀಕ್ಷೆಯೂ ಇದೆ. ಅದರಲ್ಲಿ ರಸ್ತೆ ದಾಟುವಾಗ ಏನೇನು ನೋಡಿಕೊಳ್ಳುತ್ತೀರಿ ಎಂಬಂಥ ಬದುಕಿಗೆ ಹತ್ತಿರದ ಪ್ರಶ್ನೆಗಳಿದ್ದು, 30ರಲ್ಲಿ 22 ಅಥವಾ ಕಡಿಮೆ ಬಂದರೆ ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ.

ಪರೀಕ್ಷೆ ನಡೆಯಬೇಕಾದದ್ದು ಹಿರಿಯರು ಲೆಕ್ಕ ಹಾಕುವ, ಕನಸು ಕಾಣುವ ಭಾಷೆಯಲ್ಲಿ. ಮೋಕಾ ಮತ್ತು ಎಸಿಇ-3 ಎಂಬ ನೂರು ಅಂಕಗಳ ಇನ್ನೊಂದು ಪರೀಕ್ಷೆ ಎರಡಕ್ಕೂ ಕನ್ನಡಕ್ಕೆ ಹೊಂದಿಸಿದ ರೂಪಗಳಿವೆ. ಅವನ್ನು ಬಳಸುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ಇಂಗ್ಲಿಷ್ ಹಾಳೆಯನ್ನು ಮುಂದಿಟ್ಟುಕೊಂಡು ಮನೆಯವರಿಂದ ಆಗಿಂದಾಗ್ಗೆ ಅನುವಾದ ಮಾಡಿಸಿ ಪಡೆದ ಅಂಕವನ್ನು ನಂಬುವುದು ಕಷ್ಟ.

ಐದನೆಯ ಹೆಜ್ಜೆ: ಹಿರಿಯರನ್ನು ಒಪ್ಪಿಸುವುದು

‘ನಿಮಗೆ ತಲೆ ಸರಿಯಿಲ್ಲ ಅನ್ನಿಸುತ್ತಿದೆ, ತೋರಿಸೋಣ’ ಎಂಬ ಧಾಟಿಯ ಮಾತು ಬಾಗಿಲನ್ನೇ ಮುಚ್ಚಿಬಿಡುತ್ತದೆ. ಹಾಗೆಂದು ಸುಳ್ಳು ಹೇಳಿ ಕರೆದೊಯ್ಯುವುದೂ ಬೇಡ. ಒಮ್ಮೆ ನಂಬಿಕೆ ಮುರಿದರೆ ಮುಂದಿನ ಪ್ರತಿ ಭೇಟಿಯೂ ಜಗಳವಾಗುತ್ತದೆ. ‘ಅಪ್ಪಾ, ಬಿಪಿ, ಶುಗರ್, ಕಿವಿ ಎಲ್ಲ ಒಂದು ಸಲ ನೋಡಿಸಿಕೊಂಡು ಬರೋಣ. ಮರೆವಿನ ಬಗ್ಗೆ ನೀವೂ ಹೇಳ್ತಾ ಇದ್ದಿರಲ್ಲ, ಅದನ್ನೂ ಕೇಳಿಬಿಡೋಣ’ ಎಂದರೆ ಮಾತು ನಿಜವೂ ಆಗಿರುತ್ತದೆ, ಹಿರಿಯರ ಗೌರವವೂ ಉಳಿಯುತ್ತದೆ. ಅವರು ಹೆಚ್ಚು ಚುರುಕಾಗಿರುವ ಹೊತ್ತನ್ನು, ಬಹುತೇಕ ಬೆಳಗಿನ ಸಮಯವನ್ನು, ಭೇಟಿಗೆ ಗೊತ್ತುಮಾಡಿಕೊಳ್ಳಿ. ಹಿಂದಿನ ರಾತ್ರಿ ನಿದ್ರೆಗೆಟ್ಟಿದ್ದರೆ ಮುಂದೂಡುವುದೇ ವಾಸಿ.

ಪ್ರಶ್ನೆಗಳನ್ನು ಮೊದಲೇ ಹುಡುಕಿ ಮನೆಯಲ್ಲಿ ಅಭ್ಯಾಸ ಮಾಡಿಸಬೇಡಿ. ಪ್ರೀತಿಯಿಂದ ಮಾಡಿದ ಆ ತಯಾರಿಯೇ ಕಾಯಿಲೆಯನ್ನು ಮುಚ್ಚಿಡಬಹುದು. ಈ ಕಾರಣಕ್ಕಾಗಿಯೇ ಪರೀಕ್ಷೆಗಳಲ್ಲಿ ಬಳಸುವ ಪದಗಳನ್ನು ನಾನಿಲ್ಲಿ ಬರೆದಿಲ್ಲ.

ಆರನೆಯ ಹೆಜ್ಜೆ: ಕೋಣೆಯೊಳಗೆ

ಪರೀಕ್ಷೆ ನಡೆಯುವಾಗ ನೀವು ಹೊರಗಿದ್ದರೆ ಒಳ್ಳೆಯದು. ಒಳಗೇ ಇರಬೇಕಾಗಿ ಬಂದರೆ ಹಿರಿಯರ ಕಣ್ಣಿಗೆ ಕಾಣದಂತೆ ಸ್ವಲ್ಪ ಹಿಂದೆ ಕೂತು, ಬಾಯಿ ಬಿಡದೆ ಇರಬೇಕು. ‘ಅದೇ ಅಮ್ಮಾ, ನೆನಪಿದೆಯಲ್ಲ ನಿಮಗೆ’ ಎಂಬ ಒಂದು ಪ್ರೋತ್ಸಾಹ, ತುಟಿಯ ಒಂದು ಸನ್ನೆ ಕೂಡ ಅಂಕವನ್ನು ಬದಲಿಸುತ್ತದೆ. ಪ್ರಶ್ನೆ ಬಂದೊಡನೆ ಹಿರಿಯರು ಉತ್ತರಕ್ಕಾಗಿ ಮಗಳ ಕಡೆಗೋ ಪತಿಯ ಕಡೆಗೋ ತಲೆ ತಿರುಗಿಸುವುದನ್ನು ಅನುಭವಿ ವೈದ್ಯರು ಒಂದು ಸುಳಿವಾಗಿಯೇ ಗಮನಿಸುತ್ತಾರೆ.

ಗಡಿಯಾರದ ಚಿತ್ರವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಇಷ್ಟು ಸರಳವಾದ ಕೆಲಸದಲ್ಲಿ ಇಷ್ಟೊಂದು ಸಂಗತಿಗಳು ಬಯಲಾಗುವುದು ಅಪರೂಪ. ಒಂದು ವೃತ್ತ ಬರೆದು, ಅಂಕಿಗಳನ್ನು ತುಂಬಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸುವಂತೆ ಮುಳ್ಳು ಹಾಕಲು ಹೇಳುತ್ತಾರೆ. ಯೋಜನಾಶಕ್ತಿ ಗಟ್ಟಿಯಾಗಿರುವವರು ಹಲವು ಸಲ ಮೊದಲು ಹನ್ನೆರಡು, ಆರು, ಮೂರು, ಒಂಬತ್ತನ್ನು ಇಟ್ಟು ಉಳಿದವನ್ನು ನಡುವೆ ಹೊಂದಿಸುತ್ತಾರೆ. ಯೋಜನೆ ತಪ್ಪಿದಾಗ ಒಂದರಿಂದ ಶುರುಮಾಡಿ ಬಲಭಾಗದಲ್ಲೇ ಎಂಟೊಂಬತ್ತು ಅಂಕಿಗಳು ಒತ್ತರಿಸಿಕೊಂಡು, ಎಡಭಾಗ ಖಾಲಿ ಉಳಿಯುತ್ತದೆ. ಮುಳ್ಳಿನ ವಿಷಯದಲ್ಲಿ ಆಗುವ ತಪ್ಪು ಇನ್ನೂ ಗಮನಾರ್ಹ: ‘ಹತ್ತು ನಿಮಿಷ’ ಎಂಬುದನ್ನು ಎರಡರ ಅಂಕಿಗೆ ಬದಲಾಯಿಸಿಕೊಳ್ಳಬೇಕಾದ ಮನಸ್ಸು, ಕಿವಿಗೆ ಬಿದ್ದ ‘ಹತ್ತು’ ಎಂಬ ಸದ್ದಿಗೇ ಅಂಟಿಕೊಂಡು ಮುಳ್ಳನ್ನು ಹತ್ತರ ಮೇಲಿಡುತ್ತದೆ. ಮಾತು, ಲೆಕ್ಕ, ಕೈಕೆಲಸ, ಸ್ಥಳದ ಅಂದಾಜು, ತಕ್ಷಣದ ಸೆಳೆತವನ್ನು ತಡೆಯುವ ಶಕ್ತಿ ಎಲ್ಲವೂ ಈ ಒಂದು ಚಿತ್ರದಲ್ಲಿ ಸೇರುವುದರಿಂದಲೇ ಅದನ್ನು ಹಲವು ಪರೀಕ್ಷೆಗಳಲ್ಲಿ ಉಳಿಸಿಕೊಂಡಿದ್ದಾರೆ. ಕೈ ನಡುಕವಿದ್ದರೆ, ಮುಳ್ಳಿನ ಗಡಿಯಾರ ನೋಡಿ ರೂಢಿಯಿಲ್ಲದಿದ್ದರೆ ಅದನ್ನು ಮೊದಲೇ ತಿಳಿಸಬೇಕು.

ಪದಗಳನ್ನು ನೆನಪಿಸಿಕೊಳ್ಳುವ ಭಾಗದಲ್ಲೂ ಹೀಗೆಯೇ ಒಳಹೊಕ್ಕು ನೋಡುವುದಿದೆ. ಮರೆತ ಪದಕ್ಕೆ ಒಂದು ಸುಳಿವು ಕೊಟ್ಟಾಗ ಥಟ್ಟನೆ ಹೊಳೆದರೆ, ಪದ ಒಳಗೆ ಉಳಿದಿತ್ತು, ಹೊರತೆಗೆಯುವುದು ಕಷ್ಟವಾಯಿತು ಎಂದು ತಿಳಿಯಬಹುದು. ಸುಳಿವು ಕೊಟ್ಟರೂ ಬಾರದಿದ್ದರೆ ಪದ ದಾಖಲಾಗಿಯೇ ಇರಲಿಲ್ಲವೆಂಬ ಸಂಶಯ ಬಲಗೊಳ್ಳುತ್ತದೆ. ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಭಾಗ ಅಲ್ಝೈಮರ್‌ನಲ್ಲಿ ಬೇಗನೆ ಹಾನಿಗೊಳ್ಳುವುದರಿಂದ ಈ ವ್ಯತ್ಯಾಸಕ್ಕೆ ಮಹತ್ವವಿದೆ. ಮೋಕಾದಲ್ಲಿ ಸುಳಿವಿನ ನಂತರ ಹೇಳಿದ್ದಕ್ಕೆ ಅಂಕವಿಲ್ಲ, ಆದರೂ ಅದನ್ನು ಬರೆದುಕೊಳ್ಳುತ್ತಾರೆ.

ಏಳನೆಯ ಹೆಜ್ಜೆ: ಅಂಕವನ್ನು ಓದುವುದು

ಅಮೆರಿಕದಲ್ಲಿ ನಡೆದು 1993ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಒಂಬತ್ತು ವರ್ಷ ಅಥವಾ ಹೆಚ್ಚು ಓದಿದವರ ಎಂಎಂಎಸ್‌ಇ ಮಧ್ಯಾಂಕ (ಅಂಕಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಅಂಕ) 29 ಇತ್ತು. ಐದರಿಂದ ಎಂಟು ವರ್ಷ ಓದಿದವರದು 26, ನಾಲ್ಕು ವರ್ಷ ಅಥವಾ ಕಡಿಮೆ ಓದಿದವರದು 22. ಅಂದರೆ ಪಂಡಿತರೊಬ್ಬರಿಗೆ 25 ಬಂದರೆ ಅದು ಕಳವಳಕ್ಕೆ ಕಾರಣವಾಗಬಹುದು, ಓದದವರೊಬ್ಬರಿಗೆ 22 ಬಂದರೆ ಅದು ಅವರ ಸಹಜ ಸ್ಥಿತಿಯೇ ಆಗಿರಬಹುದು. ಗಡಿಯ ಅಂಕವೊಂದನ್ನೇ ಹಿಡಿದು ಮಾತನಾಡುವವರಿಗೆ ಈ ಮೂರು ಸಂಖ್ಯೆಗಳು ಸಾಕಷ್ಟು ಉತ್ತರ ಕೊಡುತ್ತವೆ.

ಇನ್ನೊಂದು ಲೆಕ್ಕವನ್ನೂ ತಿಳಿದಿರಬೇಕು. ಒಂದು ಪರೀಕ್ಷೆ ಕಾಯಿಲೆಯಿರುವ ನೂರರಲ್ಲಿ 90 ಮಂದಿಯನ್ನು ಹಿಡಿಯುತ್ತದೆ, ಕಾಯಿಲೆಯಿಲ್ಲದ ನೂರರಲ್ಲಿ 90 ಮಂದಿಯನ್ನು ಸರಿಯಾಗಿ ಬಿಡುತ್ತದೆ ಎಂದುಕೊಳ್ಳಿ. ಸಾವಿರ ಹಿರಿಯರಲ್ಲಿ 50 ಜನರಿಗೆ ಡಿಮೆನ್ಷಿಯಾ ಇದ್ದರೆ ಅವರಲ್ಲಿ 45 ಮಂದಿ ಸಿಗುತ್ತಾರೆ. ಆದರೆ ಉಳಿದ 950 ಜನರಲ್ಲಿಯೂ 95 ಮಂದಿಗೆ ‘ಅನುಮಾನ’ ಎಂಬ ಫಲಿತಾಂಶ ಬರುತ್ತದೆ. ಹೀಗೆ ಅನುಮಾನದ ಪಟ್ಟಿಗೆ ಬಿದ್ದ 140 ಮಂದಿಯಲ್ಲಿ ನಿಜವಾಗಿ ಕಾಯಿಲೆಯಿರುವವರು ಮೂರನೆಯ ಒಂದು ಭಾಗಕ್ಕಿಂತ ತುಸು ಕಡಿಮೆ. ಲಕ್ಷಣಗಳಿಲ್ಲದವರನ್ನು ಸುಮ್ಮನೆ ಪರೀಕ್ಷೆಗೆ ಕೂರಿಸಿದರೆ ಆಗುವ ಭಯ ಎಷ್ಟೆಂಬುದು ಇದರಿಂದ ಗೊತ್ತಾಗುತ್ತದೆ. ಮನೆಯವರು ಕಂಡ ಸ್ಪಷ್ಟ ಬದಲಾವಣೆಗಳಿರುವಾಗ ಅದೇ ಅಂಕದ ತೂಕ ಬಹಳ ಹೆಚ್ಚುತ್ತದೆ.

ಎಂಟನೆಯ ಹೆಜ್ಜೆ: ಅಂಕದ ನಂತರ

ಅಂಕ ಕಡಿಮೆ ಬಂದರೆ ಅದೇ ದಿನ ಕಾಯಿಲೆಯ ಹೆಸರು ಹೇಳುವುದು ಆತುರವಾಗುತ್ತದೆ. ವೈದ್ಯರು ಥೈರಾಯ್ಡ್, ಬಿ12 ಜೀವಸತ್ವ, ರಕ್ತದ ಎಣಿಕೆ, ಸಕ್ಕರೆ, ಸೋಡಿಯಂ–ಕ್ಯಾಲ್ಸಿಯಂ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆಗಳನ್ನು ಬರೆಯುತ್ತಾರೆ. ಮಿದುಳಿನ ಸಿಟಿ ಅಥವಾ ಎಂಆರ್‌ಐ ಸ್ಕ್ಯಾನ್ ಮಾಡಿಸಲು ಹೇಳುತ್ತಾರೆ. ನಡಿಗೆ ಕೆಟ್ಟು, ಮೂತ್ರದ ಹಿಡಿತ ತಪ್ಪಿ, ಯೋಚನೆ ನಿಧಾನವಾಗಿರುವವರಲ್ಲಿ ಮಿದುಳಿನೊಳಗೆ ದ್ರವ ತುಂಬಿಕೊಂಡಿದೆಯೇ ಎಂದೂ ನೋಡುತ್ತಾರೆ, ಏಕೆಂದರೆ ಶಸ್ತ್ರಚಿಕಿತ್ಸೆಯಿಂದ ಸುಧಾರಿಸಬಹುದಾದ ಸ್ಥಿತಿ ಅದು. ಗೊರಕೆಯೊಂದಿಗೆ ಉಸಿರು ಕಟ್ಟುವ ತೊಂದರೆಯಿದ್ದರೆ ಹೇಳಲು ಮರೆಯಬೇಡಿ. ಇಷ್ಟಾದ ಮೇಲೂ ಸ್ಪಷ್ಟವಾಗದಿದ್ದರೆ ನರ–ಮನೋವಿಜ್ಞಾನಿಗಳು ಕೆಲವು ಗಂಟೆಗಳ ವಿವರವಾದ ಪರೀಕ್ಷೆ ನಡೆಸುತ್ತಾರೆ.

ಅಂಕ ಕುಗ್ಗಿದ್ದರೂ ದಿನನಿತ್ಯದ ಬದುಕನ್ನು ಸ್ವತಂತ್ರವಾಗಿ ನಡೆಸುತ್ತಿರುವವರಿಗೆ ‘ಸೌಮ್ಯ ಅರಿವಿನ ಕೊರತೆ’ ಎಂದು ಹೇಳಬಹುದು. ಇದು ಡಿಮೆನ್ಷಿಯಾ ಅಲ್ಲ. ಇಂಥವರಲ್ಲಿ ಕೆಲವರು ಮುಂದೆ ಡಿಮೆನ್ಷಿಯಾಕ್ಕೆ ಜಾರುತ್ತಾರೆ, ಹಲವರು ಹಾಗೆಯೇ ಉಳಿಯುತ್ತಾರೆ, ಕೆಲವರು ಸಹಜ ಸ್ಥಿತಿಗೂ ಮರಳುತ್ತಾರೆ. ಆದ್ದರಿಂದ ಆ ಮಾತು ಕೇಳಿದ ಕೂಡಲೇ ಹಿರಿಯರ ಕೈಯಿಂದ ಬ್ಯಾಂಕಿನ ಪುಸ್ತಕ, ಮನೆಯ ಬೀಗದ ಕೈ ಕಸಿದುಕೊಳ್ಳುವುದು ಕ್ರೌರ್ಯವೆಂದೇ ನಾನು ಭಾವಿಸುತ್ತೇನೆ. ಫಲಿತಾಂಶವನ್ನು ಮೊದಲು ತಿಳಿಯುವ ಹಕ್ಕು ಅವರದ್ದು. ಅವರನ್ನು ಕೋಣೆಯ ಹೊರಗೆ ಕೂರಿಸಿ ಮಕ್ಕಳಷ್ಟೇ ಕೇಳಿಕೊಂಡು ಬರುವುದು ತಪ್ಪು.

ಅಂಕ ಚೆನ್ನಾಗಿ ಬಂದೂ ಮನೆಯಲ್ಲಿ ತೊಂದರೆ ಮುಂದುವರಿದಿದ್ದರೆ ‘ಎಲ್ಲ ಸರಿಯಿದೆಯಂತೆ’ ಎಂದು ಸುಮ್ಮನಾಗಬಾರದು. ನಡವಳಿಕೆ ಮತ್ತು ವಿವೇಚನೆ ಮೊದಲು ಕೆಡುವ ಫ್ರಂಟೋಟೆಂಪೊರಲ್ ಬಗೆಯ ಡಿಮೆನ್ಷಿಯಾದಲ್ಲಿ ಆರಂಭದ ಅಂಕ ಸಹಜವಾಗಿಯೇ ಇರಬಹುದು. ಆಗ ನೀವು ಬರೆದಿಟ್ಟ ಘಟನೆಗಳನ್ನು ಮುಂದಿಟ್ಟು ತಜ್ಞರ ಬಳಿಗೆ ಕಳಿಸುವಂತೆ ಕೇಳಿ.

ಪರೀಕ್ಷೆಯ ಹೆಸರು, ದಿನಾಂಕ, ಒಟ್ಟು ಅಂಕದ ಜೊತೆಗೆ ಯಾವ ಭಾಗದಲ್ಲಿ ಎಷ್ಟು ಹೋಯಿತೆಂಬ ವಿವರ, ಸಾಧ್ಯವಾದರೆ ಗಡಿಯಾರದ ಚಿತ್ರದ ಪ್ರತಿ, ಇವಿಷ್ಟನ್ನೂ ಕೇಳಿ ಪಡೆದು ಕಡತದಲ್ಲಿಡಿ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದ ನಂತರ ಮತ್ತೆ ಪರೀಕ್ಷಿಸುತ್ತಾರೆ. ಆಗ ಅದೇ ಪರೀಕ್ಷೆಯನ್ನು, ಆದರೆ ಬೇರೆ ಪದಗಳಿರುವ ಪರ್ಯಾಯ ಆವೃತ್ತಿಯಲ್ಲಿ ಮಾಡುವಂತೆ ಕೇಳಬೇಕು. ಒಂದು ಸಲ ಮೋಕಾ, ಇನ್ನೊಂದು ಸಲ ಎಂಎಂಎಸ್‌ಇ ಮಾಡಿಸಿ ಎರಡರ ಅಂಕಗಳನ್ನು ನೇರವಾಗಿ ಹೋಲಿಸಲು ಬರುವುದಿಲ್ಲ. ಒಂದೆರಡು ಅಂಕಗಳ ಏರಿಳಿತ ಆ ದಿನದ ನಿದ್ರೆ, ಮನಸ್ಥಿತಿಗಳಿಂದಲೂ ಆಗಬಹುದು. ಮೊದಲ ಹಾಳೆಯೂ ಎರಡನೆಯದೂ ಮನೆಯವರ ಟಿಪ್ಪಣಿಯೂ ಒಂದೇ ದಿಕ್ಕನ್ನು ತೋರಿಸುತ್ತಿವೆಯೇ ಎಂಬುದನ್ನು ವೈದ್ಯರೊಂದಿಗೆ ಕೂತು ನೋಡಿ, ಮುಂದಿನ ಭೇಟಿಯ ದಿನಾಂಕವನ್ನು ಅಲ್ಲಿಯೇ ಗೊತ್ತುಮಾಡಿಕೊಂಡು ಬನ್ನಿ.